ಪಾರ್ಸೆಲ್‌ಗೂ ಟಿಪ್ಸ್ ಕೊಡಬೇಕೇ ಎಂದು ಕೇಳುವವರಿಗೆ

ಟೆಕ್ಸಸ್‌ನ ಇರ್ವಿಂಗ್‌ನಲ್ಲಿ ನಮ್ಮ ಮನೆ. ಸುತ್ತಮುತ್ತ ಕನ್ನಡದವರು ಬೇಕಾದಷ್ಟಿದ್ದಾರೆ. ಪ್ರತಿ ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಹೊಸ ಹುಡುಗ ಹುಡುಗಿಯರು ಬಂದಿಳಿಯುತ್ತಾರೆ, ಮಗಳ ಬಾಣಂತನಕ್ಕೆಂದು ತಾಯಂದಿರು ಬರುತ್ತಾರೆ. ಒಂದಲ್ಲ ಒಂದು ದಿನ ಎಲ್ಲರೂ ನನ್ನನ್ನು ಕೇಳುವುದು ಇದನ್ನೇ: "ಅಕ್ಕಾ, ಅಲ್ಲಿ ಕುಳಿತು ಉಣ್ಣಲಿಲ್ಲ, ಯಾರೂ ಬಡಿಸಲಿಲ್ಲ, ನಾವೇ ಹೋಗಿ ಪಾರ್ಸೆಲ್ ತಂದೆವು. ಅದಕ್ಕೂ ಟಿಪ್ಸ್ ಕೊಡಬೇಕೇ?" ನಾನು ಇಲ್ಲಿನ ಒಂದು ಭಾರತೀಯ ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲಿ ಕೆಲಸ ಮಾಡಿದವಳು ಎಂಬುದು ಎಲ್ಲರಿಗೂ ಗೊತ್ತು. ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಕಡ್ಡಾಯವಲ್ಲ. ಎರಡು ಮಸಾಲೆ ದೋಸೆ, ಒಂದು ಕಾಫಿ ಕಟ್ಟಿಸಿಕೊಂಡು ಹೋದರೆ ಏನೂ ಕೊಡದಿರುವುದು ತಪ್ಪಲ್ಲ. ಕೌಂಟರಿನಲ್ಲಿದ್ದಾಗ ಅಂಥವರ ಮೇಲೆ ನನಗೆ ಎಂದೂ ಬೇಸರ ಬಂದಿಲ್ಲ. ಆರ್ಡರ್ ದೊಡ್ಡದಾಗಿದ್ದರೆ, ನೂರೆಂಟು ಸೂಚನೆಗಳಿದ್ದರೆ, ಅಥವಾ ಯಾರಾದರೂ ನಿಮ್ಮ ಕಾರಿನವರೆಗೆ ತಂದುಕೊಟ್ಟರೆ ಶೇ. 10ರಷ್ಟು ಕೊಡಿ. ಇದು ನಾನೊಬ್ಬಳೇ ಹೇಳುವ ಮಾತಲ್ಲ, ಅಮೆರಿಕನ್ನರಿಗೆ ತಲೆಮಾರುಗಳಿಂದ ಶಿಷ್ಟಾಚಾರ ಹೇಳಿಕೊಡುತ್ತಿರುವ ಎಮಿಲಿ ಪೋಸ್ಟ್ ಸಂಸ್ಥೆಯ ಸಲಹೆಯೂ ಹೆಚ್ಚುಕಡಿಮೆ ಇದೇ. ಕುಳಿತು ಉಂಡರೆ ಶೇ. 15ರಿಂದ 20, ಅದರಲ್ಲಿ ಚೌಕಾಸಿ ಬೇಡ. ಮನೆಗೆ ತಂದುಕೊಡುವ ಚಾಲಕರ ವಿಷಯ ಬೇರೆಯೇ. ಅವರು ತಮ್ಮ ಕಾರು, ತಮ್ಮ ಪೆಟ್ರೋಲು ಸುಟ್ಟುಕೊಂಡು ಬರುತ್ತಾರೆ, ಬಿಲ್ಲಿನಲ್ಲಿರುವ ಡೆಲಿವರಿ ಶುಲ್ಕ ಅವರ ಟಿಪ್ಸ್ ಅಲ್ಲ. ಅವರಿಗೆ ಕೊಡಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆಯನ್ನು ಹಲವರು ಕೇಳುವ ರೀತಿ ನನ್ನನ್ನು ಸುಮ್ಮನಿರಲು ಬಿಡುವುದಿಲ್ಲ. "ಕೊಡಬೇಕೇ" ಎಂದಷ್ಟೇ ಕೇಳಿದರೆ ಸರಿ. ಅದರ ಬೆನ್ನಿಗೇ ಬರುತ್ತದೆ: "ಅವರೇನು ಮಾಡಿದ್ದಾರೆ ಅಂತ? ಚೀಲ ಎತ್ತಿ ಕೊಟ್ಟಿದ್ದಾರೆ, ಅಷ್ಟೇ ತಾನೇ?"

ಒಂದು ಶನಿವಾರ ಸಂಜೆ ಕನ್ನಡದ ದಂಪತಿ ಬಂದಿದ್ದರು. ಮಗುವಿನ ಹುಟ್ಟುಹಬ್ಬಕ್ಕೆ ಆರ್ಡರ್: ಬಿಸಿಬೇಳೆಬಾತ್ ಒಂದು ಫುಲ್ ಟ್ರೇ, ಮೊಸರನ್ನ ಒಂದು ಹಾಫ್ ಟ್ರೇ, ಇಡ್ಲಿ, ವಡೆ, ಜೊತೆಗೆ ಇಪ್ಪತ್ತು ದೋಸೆ. ದೋಸೆಗಳಲ್ಲಿ ಆರಕ್ಕೆ ಈರುಳ್ಳಿ ಸೋಕಬಾರದು, ಮನೆಯಲ್ಲಿ ಹಿರಿಯರಿದ್ದಾರೆ. ಒಂದು ಮಗುವಿಗೆ ಕಡಲೆಕಾಯಿ ಆಗುವುದಿಲ್ಲ, ಆದ್ದರಿಂದ ಅದರ ಚಟ್ನಿ ಬೇರೆ, ಅದನ್ನು ತುಂಬುವ ಸೌಟೂ ಬೇರೆ. ಬಿಸಿ ದೋಸೆಯನ್ನು ಡಬ್ಬಿಯೊಳಗೆ ಗಟ್ಟಿಯಾಗಿ ಮುಚ್ಚಿದರೆ ಅದರ ಹಬೆಗೆ ಅದೇ ಮೆತ್ತಗಾಗುತ್ತದೆ, ಹಾಗಾಗಿ ಫಾಯಿಲ್‌ನಲ್ಲಿ ಸುತ್ತಿ ಒಂದು ತುದಿಯನ್ನು ತೆರೆದಿಡಬೇಕು. ಸಾಂಬಾರಿನ ಡಬ್ಬಿಗಳಿಗೆ ಮುಚ್ಚಳ ಹಾಕಿದ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಬೇಕು, ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ಕಾರಿನ ಸೀಟು ಹಳದಿಯಾಗುತ್ತದೆ. ಚಟ್ನಿಯ ಪುಟ್ಟ ಕಪ್ಪುಗಳನ್ನು ಒಂದೊಂದಾಗಿ ತುಂಬಬೇಕು. ಯಾವ ಡಬ್ಬಿಯಲ್ಲಿ ಏನಿದೆ ಎಂದು ಮುಚ್ಚಳದ ಮೇಲೆ ಬರೆಯಬೇಕು. ಬಿಸಿಯದು ಒಂದು ಚೀಲ, ಮೊಸರಿನದು ಇನ್ನೊಂದು. ಇದರ ನಡುವೆ ಫೋನು ಬಡಿದುಕೊಳ್ಳುತ್ತಿರುತ್ತದೆ, ಡೆಲಿವರಿ ಆ್ಯಪ್‌ಗಳ ಟ್ಯಾಬ್ಲೆಟ್‌ಗಳು ಕೂಗುತ್ತಿರುತ್ತವೆ. ಎಲ್ಲ ಮುಗಿಸಿ, ಚೀಟಿಯ ಜೊತೆ ತಾಳೆ ನೋಡಿ, ಬಿಲ್ಲಿನ ಪರದೆಯನ್ನು ಅವರತ್ತ ತಿರುಗಿಸಿದೆ. ಶೇ. 18, 20, 25 ಎಂದು ಅದು ತೋರಿಸಿತು. ಆತ ಹೆಂಡತಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಇವರೇನು ಕಡಿದು ಕಟ್ಟೆ ಹಾಕಿದ್ದಾರೆ ಅಂತ ಟಿಪ್ಸ್?"

ನನಗೆ ಕನ್ನಡ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗಲಿ ಎಂದೇ, "ಚೀಲ ಕೆಳಗಿನಿಂದ ಹಿಡಿದುಕೊಳ್ಳಿ, ಸಾಂಬಾರು ಬಿಸಿ ಇದೆ" ಎಂದೆ. ಆಕೆ ಮುಖ ತಗ್ಗಿಸಿದರು. ಆತ ಏನೂ ಕೊಡಲಿಲ್ಲ. ಹಣ ಬರಲಿಲ್ಲವೆಂದು ನನಗೆ ಕೋಪ ಬಂದಿರಲಿಲ್ಲ. ಮುಕ್ಕಾಲು ಗಂಟೆ ಅವರ ಮನೆಯ ಹಿರಿಯರ ಮಡಿಯನ್ನೂ ಮಗುವಿನ ಜೀವವನ್ನೂ ನೆನಪಿನಲ್ಲಿಟ್ಟುಕೊಂಡು ನಿಂತು ಮಾಡಿದ ಕೆಲಸ ಅವರ ಕಣ್ಣಿಗೆ ಕೆಲಸವಾಗಿ ಕಾಣಲೇ ಇಲ್ಲ, ಅದಕ್ಕೆ ಬಂದ ಕೋಪ. ಈಗಲೂ ಇದೆ. ಟಿಪ್ಸ್ ಕೊಡದಿರಲು ನಿಮಗೆ ಪೂರ್ತಿ ಹಕ್ಕಿದೆ. ಎದುರಿಗೆ ನಿಂತವರು ಏನೂ ಮಾಡಿಲ್ಲ ಎನ್ನಲು ಇಲ್ಲ.

"ನಮ್ಮೂರಿನಲ್ಲಿ ಇದೆಲ್ಲ ಇಲ್ಲವಲ್ಲ" ಎಂದು ವಾದಿಸುವವರೂ ಇದ್ದಾರೆ. ಇಲ್ಲ, ನಿಜ. ಬೆಂಗಳೂರಿನ ದರ್ಶಿನಿಯಲ್ಲಿ ಇಡ್ಲಿ ಕಟ್ಟಿಸಿಕೊಂಡರೆ ಪಾರ್ಸೆಲ್ ಚಾರ್ಜು ಎಂದು ಬಿಲ್ಲಿಗೆ ಸೇರಿಸಿದರೆ ಸೇರಿಸುತ್ತಾರೆ, ಅಲ್ಲಿಗೆ ಲೆಕ್ಕ ಚುಕ್ತಾ. ಹೋಟೆಲುಗಳು ತಾವಾಗಿಯೇ ಸೇವಾ ಶುಲ್ಕ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಆ ವ್ಯವಸ್ಥೆಯನ್ನು ಸೂಟ್‌ಕೇಸಿನಲ್ಲಿ ಇಲ್ಲಿಗೆ ತರಲಾಗುವುದಿಲ್ಲ. ಇಲ್ಲಿ ಟಿಪ್ಸ್ ಎಂಬುದು ಸಂತೋಷಕ್ಕೆ ಕೊಡುವ ಭಕ್ಷೀಸಲ್ಲ, ಕೂಲಿಯ ಒಂದು ಭಾಗ. ನನ್ನನ್ನು ಯಾರೂ ಕೇಳದ ಪ್ರಶ್ನೆ ಇಲ್ಲಿದೆ: ಆ ಕೌಂಟರಿನ ಹಿಂದೆ ನಿಂತವರಿಗೆ ಗಂಟೆಗೆ ಎಷ್ಟು ಕೊಡುತ್ತಾರೆ, ನಾನು ಒತ್ತಿದ ಶೇ. 20 ಯಾರ ಕೈಗೆ ಹೋಗುತ್ತದೆ? ಇದನ್ನು ಕೇಳಿದ್ದರೆ ಕಾಫಿ ಮಾಡಿ ಕೂರಿಸಿಕೊಂಡು ಹೇಳುತ್ತಿದ್ದೆ.

ಗಂಡನ ಎಚ್1ಬಿ ಎಂಬ ಉದ್ಯೋಗ ವೀಸಾದ ಬೆನ್ನಿಗೆ ಬಂದವಳು ನಾನು. ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರ ಹೆಂಡತಿಯರಿಗೆ, ಗಂಡಂದಿರಿಗೆ ಕೆಲಸದ ಪರವಾನಗಿ ಸಿಗತೊಡಗಿದ್ದು 2015ರ ಮೇ ತಿಂಗಳಿಂದ. ಪರವಾನಗಿ ಕೈಗೆ ಬಂದ ಮೇಲೆ ಮನೆ ಹತ್ತಿರ ಸಿಕ್ಕ ಕೆಲಸ ಇದು. ಸಂಬಳ ಗಂಟೆಗೆ 2.13 ಡಾಲರ್. ನೀವು ಓದಿದ್ದು ಸರಿಯಾಗಿಯೇ ಇದೆ. ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಅದು ಏರಿಲ್ಲ. ಟಿಪ್ಸ್ ಬರುವ ಕೆಲಸಗಾರರಿಗಾದರೆ ಮಾಲೀಕರು 2.13 ಕೊಟ್ಟರೆ ಸಾಕು, ಉಳಿದ 5.12ನ್ನು ಗಿರಾಕಿಗಳ ಟಿಪ್ಸ್‌ನಿಂದ ಸರಿದೂಗಿಸಿಕೊಳ್ಳಬಹುದು. ಈ 2.13 ಬಂದದ್ದು 1991ರಲ್ಲಿ. ಆಗ ಕನಿಷ್ಠ ಕೂಲಿ 4.25 ಇತ್ತು, ಅದರ ಅರ್ಧ. 1996ರಲ್ಲಿ ಸಂಸತ್ತು ಎರಡರ ನಂಟನ್ನು ಕಡಿದು, ಕನಿಷ್ಠ ಕೂಲಿಯನ್ನು ಮಾತ್ರ ಏರಿಸಿತು. ಟಿಪ್ಸ್ ಕೆಲಸಗಾರರ ಕೂಲಿ ಅಲ್ಲೇ ನಿಂತಿತು. ಟೆಕ್ಸಸ್ ಇಂದಿಗೂ ಇದನ್ನೇ ಪಾಲಿಸುತ್ತದೆ.

ಟಿಪ್ಸ್ ಸಾಲದಿದ್ದರೆ ಮಾಲೀಕರು 7.25ರವರೆಗೆ ತುಂಬಿಕೊಡಬೇಕು ಎಂಬ ನಿಯಮವಿದೆ. ಆದರೆ ಲೆಕ್ಕ ಹಾಕುವುದು ಇಡೀ ವಾರಕ್ಕೆ. ಮಂಗಳವಾರ ಪೂರ್ತಿ ಪಾರ್ಸೆಲ್ ಕಟ್ಟಿ ಬಿಡಿಗಾಸೂ ಸಿಗಲಿಲ್ಲ ಎನ್ನಿ. ಶನಿವಾರ ಒಳ್ಳೆಯ ಟಿಪ್ಸ್ ಬಂದು ವಾರದ ಸರಾಸರಿ ಸರಿಹೋದರೆ ಮಾಲೀಕರು ಏನನ್ನೂ ತುಂಬಬೇಕಾಗಿಲ್ಲ. ಅಂದರೆ ಗಂಟೆಗೆ ಬರುವ ಟಿಪ್ಸ್‌ನ ಮೊದಲ ಐದು ಡಾಲರ್ ಕೆಲಸಗಾರರ ಆದಾಯಕ್ಕಿಂತ ಹೆಚ್ಚಾಗಿ ಮಾಲೀಕರ ಖರ್ಚು ಉಳಿಸುವುದಕ್ಕೇ ಹೋಗುತ್ತದೆ. ಇದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಇದು ಹೀಗೇಕೆ ಬೆಳೆಯಿತು ಎಂಬುದೂ ಸುಖದ ಕಥೆಯಲ್ಲ. ಯುರೋಪು ಸುತ್ತಿಬಂದ ಶ್ರೀಮಂತರು ಹತ್ತೊಂಬತ್ತನೆಯ ಶತಮಾನದಲ್ಲಿ ಈ ರೂಢಿಯನ್ನು ತಂದರು. ಅಂತರ್ಯುದ್ಧ ಮುಗಿದು ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ಹೋಟೆಲುಗಳೂ ಪುಲ್‌ಮನ್ ರೈಲು ಕಂಪನಿಯೂ ಚೂರುಪಾರು ಸಂಬಳಕ್ಕೆ ಇಟ್ಟುಕೊಂಡು, ಉಳಿದದ್ದನ್ನು ಪ್ರಯಾಣಿಕರಿಂದ ಗಿಟ್ಟಿಸಿಕೊಳ್ಳಿ ಎಂದವು. ಆಗಲೂ ವಿರೋಧವಿತ್ತು. ವಾಷಿಂಗ್ಟನ್ ರಾಜ್ಯ 1909ರಲ್ಲಿ ಟಿಪ್ಸ್ ಅನ್ನೇ ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಅದನ್ನು ಅನುಸರಿಸಿದವು. 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ಬಿದ್ದುಹೋಗಿದ್ದವು. ಕನಿಷ್ಠ ಕೂಲಿಯ ಕಾಯ್ದೆ 1938ರಲ್ಲಿ ಬಂದರೂ ಹೋಟೆಲ್ ಕೆಲಸಗಾರರು ಅದರೊಳಗೆ ಬಂದದ್ದು 1966ರಲ್ಲಿ, ಅದೂ ಅರ್ಧ ಕೂಲಿಗೆ.

ಎಲ್ಲ ಕಡೆ ಹೀಗಿಲ್ಲ, ಇದು ನೀವು ತಿಳಿದಿರಲೇಬೇಕಾದ ಮಾತು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಒರೆಗಾನ್, ನೆವಾಡಾ, ಮಿನ್ನೆಸೋಟ, ಮೊಂಟಾನಾ, ಅಲಾಸ್ಕಾ ರಾಜ್ಯಗಳಲ್ಲಿ ಟಿಪ್ಸ್ ಬಂದರೂ ಬರದಿದ್ದರೂ ಪೂರ್ತಿ ಕನಿಷ್ಠ ಕೂಲಿ ಕೊಡಬೇಕು. ವಾಷಿಂಗ್ಟನ್ನಿನಲ್ಲಿ 2025ರಲ್ಲಿ ಅದು ಗಂಟೆಗೆ 16.66 ಡಾಲರ್, ಕ್ಯಾಲಿಫೋರ್ನಿಯಾದಲ್ಲಿ 16.50 ಇತ್ತು. ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂನಲ್ಲಿರುವ ಗೆಳತಿ ಪಾರ್ಸೆಲ್‌ಗೆ ಏನೂ ಕೊಡುವುದಿಲ್ಲ, ನಾನು ಆಕ್ಷೇಪಿಸುವುದೂ ಇಲ್ಲ. ಅದೇ ಗೆಳತಿ ನಮ್ಮ ಪಕ್ಕದ ಡಲ್ಲಾಸ್‌ಗೆ ಬಂದಾಗ ಕೊಡಲೇಬೇಕೆಂದು ಹಟ ಹಿಡಿಯುತ್ತೇನೆ. ಪರದೆಯ ಮೇಲಿನ ಅಂಕಿಗಳು ಎರಡೂ ಊರುಗಳಲ್ಲಿ ಒಂದೇ ಇರಬಹುದು, ಹಿಂದೆ ನಿಂತವರ ಬದುಕು ಒಂದೇ ಅಲ್ಲ.

ಆ ಹಣ ಯಾರಿಗೆ ಎಂಬುದಕ್ಕೂ ಕಾನೂನಿದೆ. ಮಾಲೀಕರಾಗಲಿ ಮ್ಯಾನೇಜರ್ ಆಗಲಿ ಕೆಲಸಗಾರರ ಟಿಪ್ಸ್ ಅನ್ನು ಇಟ್ಟುಕೊಳ್ಳುವಂತಿಲ್ಲ ಎಂದು 2018ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. 2.13ರ ಲೆಕ್ಕದಲ್ಲಿ ನಡೆಯುವ ಹೋಟೆಲಿನಲ್ಲಿ ಟಿಪ್ಸ್ ಒಟ್ಟುಮಾಡಿ ಹಂಚಿದರೆ ಅಡುಗೆಯವರಿಗೂ ಪಾತ್ರೆ ತೊಳೆಯುವವರಿಗೂ ಅದರಲ್ಲಿ ಪಾಲು ಕೊಡುವಂತಿಲ್ಲ. ಪೂರ್ತಿ ಕೂಲಿ ಕೊಡುವಲ್ಲಿ ಕೊಡಬಹುದು. ಬಿಲ್ಲಿನಲ್ಲೇ ಸರ್ವಿಸ್ ಚಾರ್ಜ್ ಎಂದು ಸೇರಿಸಿದ್ದರೆ ಅದು ಟಿಪ್ಸ್ ಅಲ್ಲ, ಹೋಟೆಲಿನ ಹಣ. ಕೆಲಸಗಾರರಿಗೆ ಎಷ್ಟು ಕೊಡುವುದು ಎಂಬುದು ಹೋಟೆಲಿಗೆ ಬಿಟ್ಟದ್ದು. ಕಾರ್ಡಿನಲ್ಲಿ ಕೊಟ್ಟ ಟಿಪ್ಸ್‌ನಿಂದ ಕಾರ್ಡ್ ಕಂಪನಿಯ ಶುಲ್ಕ ಕಳೆಯಲು ಒಕ್ಕೂಟದ ಕಾನೂನು ಅಡ್ಡಿ ಮಾಡುವುದಿಲ್ಲ. ಹಾಗಾಗಿ ನಗದು ಒಳ್ಳೆಯದು.

ಕೆಲವು ಯಂತ್ರಗಳು ತೆರಿಗೆ ಸೇರಿಸಿದ ಮೊತ್ತದ ಮೇಲೆ ಶೇಕಡಾವಾರು ಹಾಕುತ್ತವೆ. ನೂರು ಡಾಲರಿನ ಊಟಕ್ಕೆ ನಮ್ಮಲ್ಲಿ 8.25 ತೆರಿಗೆ, ಆಗ ಶೇ. 20 ಎಂದರೆ 21.65 ಆಗುತ್ತದೆ. ಹೆಚ್ಚು ಅನ್ನಿಸಿದರೆ ಕಸ್ಟಮ್ ಎಂಬ ಗುಂಡಿ ಒತ್ತಿ ನಿಮಗೆ ಸರಿತೋರಿದ್ದನ್ನು ಬರೆಯಿರಿ. ಎಂ.ಎಸ್. ಓದುವ ಮಕ್ಕಳಿಗೆ ವಿಶೇಷವಾಗಿ ಹೇಳುತ್ತೇನೆ: ಬಾಡಿಗೆ, ಫೀಸು ಕಟ್ಟಿ ಉಳಿದ ಹಣದಲ್ಲಿ ವಾರಕ್ಕೊಮ್ಮೆ ಬಿರಿಯಾನಿ ತಿನ್ನುವವರು ನೀವು. ಪರದೆ ತಿರುಗಿಸಿದರು, ಹಿಂದಿನವರು ನೋಡುತ್ತಿದ್ದಾರೆ ಎಂಬ ದಾಕ್ಷಿಣ್ಯಕ್ಕೆ ಶೇ. 25 ಒತ್ತಬೇಡಿ. ನೋ ಟಿಪ್ ಒತ್ತಿ, ಮುಖ ನೋಡಿ ಧನ್ಯವಾದ ಹೇಳಿ ಹೊರಡಿ. ಕೌಂಟರಿನವರಿಗೆ ವಿದ್ಯಾರ್ಥಿಗಳು ಯಾರೆಂದು ಗೊತ್ತಾಗುತ್ತದೆ.

ಕನ್ನಡ ಸಂಘಗಳನ್ನು ನಡೆಸುವವರಿಗೆ ಮಾತ್ರ ನನ್ನ ಮಾತು ಬೇರೆ. ರಾಜ್ಯೋತ್ಸವಕ್ಕೆ, ಯುಗಾದಿಗೆ ನೂರಾರು ಜನರ ಊಟವನ್ನು ಟ್ರೇಗಳಲ್ಲಿ ತರಿಸುತ್ತೀರಿ. ಹಾಲ್‌ನ ಬಾಡಿಗೆ, ಧ್ವನಿವರ್ಧಕ, ಹೂವಿನ ಖರ್ಚು ಎಲ್ಲವನ್ನೂ ಬಜೆಟ್ಟಿನಲ್ಲಿ ಬರೆಯುತ್ತೀರಿ. ಅದರಲ್ಲಿ ಪಾರ್ಸೆಲ್ ಕಟ್ಟಿದವರಿಗೆಂದು ಇನ್ನೊಂದು ಸಾಲು ಬರೆಯಿರಿ. ಟ್ರೇ ತರಲು ಹೋದವರ ಕೈಯಲ್ಲಿ ಆ ಹಣವನ್ನು ಲಕೋಟೆಯಲ್ಲಿ ಹಾಕಿ ಕಳುಹಿಸಿ. ಕೊಡುವ ಮೊದಲು ಅವರು ಒಂದು ಮಾತು ಕೇಳಲಿ: "ಇವತ್ತು ಇದನ್ನೆಲ್ಲ ಕಟ್ಟಿದವರು ಯಾರು?" ಅವರ ಕೈಗೇ ಕೊಡಲಿ. ಅಡುಗೆಮನೆಯ ಬಾಗಿಲಲ್ಲಿ ಅಡುಗೆಯವರು ಕಂಡರೆ ಅವರಿಗೂ ಬೇರೆಯಾಗಿ ಕೊಡಲಿ, ಪರದೆಯ ಮೇಲೆ ಒತ್ತಿದ ಹಣ ಅವರಿಗೆ ತಲುಪದೇ ಇರಬಹುದು.