ಅಗ್ರಹಾರದ ತೊಟ್ಟಿಮನೆ: ಕಂಬ ತೊಲೆಗಳ ಕೆಲಸ ಎಲ್ಲಿಯವರೆಗೆ ಬಂದಿದೆ

ಫೆಬ್ರವರಿ

ಮೈಸೂರಿನ ಅಗ್ರಹಾರದಲ್ಲಿರುವ ನಮ್ಮ ಸೋದರಮಾವನವರ ತೊಟ್ಟಿಮನೆಯನ್ನು ದುರಸ್ತಿ ಮಾಡುವುದೆಂದು ನಿಶ್ಚಯವಾದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಮನೆಯ ಅಳತೆ ತೆಗೆದು ನಕ್ಷೆ ಬರೆದದ್ದು. ಬೀದಿಯಿಂದ ನೋಡುವವರಿಗೆ ಇದು ದಪ್ಪ ಮಣ್ಣುಗೋಡೆಯ ಮನೆ. ಆದರೆ ತೊಟ್ಟಿಯ ಸುತ್ತಲಿನ ಕಂಬಗಳು, ಕಂಬದ ತಲೆಯ ಮೇಲಿನ ಬೋದಿಗೆಗಳು, ಅವುಗಳ ಮೇಲೆ ಕೂತ ತೊಲೆ, ತೊಲೆಯ ಮೇಲಿಂದ ಹಾಯುವ ಜಂತೆಗಳು ಇವೆಲ್ಲವನ್ನೂ ಒಂದೊಂದಾಗಿ ಗುರುತು ಹಾಕಿಕೊಂಡಾಗ, ಮಾಡಿನ ಭಾರವನ್ನು ಬಹುಪಾಲು ಹೊತ್ತಿರುವುದು ಮರದ ಚೌಕಟ್ಟೇ ಎಂಬುದು ಸ್ಪಷ್ಟವಾಯಿತು. ಪಡಸಾಲೆಗೂ ನಡುಮನೆಗೂ ನಡುವಿನ ಗೋಡೆಯೊಳಗೆ ಸಹ ಕಂಬಗಳು ಹುದುಗಿವೆ. ಅಲ್ಲಿನ ಮಣ್ಣು ಕಂಬಗಳ ನಡುವಿನ ತೆರಪನ್ನು ತುಂಬಿದೆ, ಅಷ್ಟೇ.

1994ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜರ್ಮನಿಯ ಕ್ವೆಡ್ಲಿನ್‌ಬುರ್ಗ್ ಪಟ್ಟಣದ ಮನೆಗಳ ರಚನೆಯ ತತ್ವವೂ ಇದೇ: ಮರ ಹೊರುತ್ತದೆ, ಮಣ್ಣು ತುಂಬುತ್ತದೆ. ಅಲ್ಲಿ ಚೌಕಟ್ಟು ಬೀದಿಯ ಕಡೆಗೆ ಎದ್ದು ಕಾಣುತ್ತದೆ, ನಮ್ಮಲ್ಲಿ ಅದು ತೊಟ್ಟಿಯ ಕಡೆಗೆ ಮುಖಮಾಡಿದೆ. ನೆಲಕ್ಕೆ ಹತ್ತಿರದ ಮರವೇ ಮೊದಲು ಕೆಡುವುದು ಎಂಬುದು ಎರಡು ಕಡೆಗೂ ಸಮಾನ.

ಏಪ್ರಿಲ್

ಕೆಟ್ಟಿರುವುದು ಕಂಬಗಳ ಬುಡ. ಈ ಮನೆ ಕಟ್ಟಿದವರು ತೇಗದ ಕಂಬವನ್ನು ನೆಲದಿಂದ ಮೇಲೆದ್ದ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದರು. ತೊಟ್ಟಿಗೆ ಬಿದ್ದ ಮಳೆ ಎಷ್ಟು ಸಿಡಿದರೂ ಮರದ ಬುಡಕ್ಕೆ ನೀರು ನಿಲ್ಲುತ್ತಿರಲಿಲ್ಲ. ಹಿಂದೊಮ್ಮೆ ನಡೆದ ದುರಸ್ತಿಯಲ್ಲಿ ಗುತ್ತಿಗೆದಾರರೊಬ್ಬರು ಹಳೆಯ ನೆಲದ ಮೇಲೆಯೇ ಕಾಂಕ್ರೀಟು ಹಾಕಿ ಮೊಸಾಯಿಕ್ ಮಾಡಿದ್ದರಿಂದ ಆ ಪೀಠಗಳು ಹೂತುಹೋಗಿ, ಕಂಬದ ಬುಡ ಸಿಮೆಂಟಿನೊಳಗೆ ಸೇರಿಕೊಂಡಿತು. ಗೋಡೆಯ ಸುಣ್ಣದ ಗಾರೆಯನ್ನೂ ಕೆತ್ತಿ ಸಿಮೆಂಟು ಬಳಿದಿದ್ದರು. ಮಣ್ಣುಗೋಡೆ ನೆಲದಿಂದ ತೇವವನ್ನು ಹೀರುವುದು ಸಹಜ. ಸುಣ್ಣದ ಗಾರೆ ಆ ತೇವವನ್ನು ಹೊರಕ್ಕೆ ಆರಲು ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಒಳಗೇ ಉಳಿದ ತೇವ ಪಕ್ಕದ ಮರಕ್ಕೆ ಇಳಿಯುತ್ತದೆ. ಮರದಲ್ಲಿ ತೇವಾಂಶ ಶೇ. 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಬೂಷ್ಟು ಬೆಳೆಯಲಾರದು; ನಮ್ಮ ಮೀಟರು ಬುಡದ ಬಳಿ ಅದಕ್ಕಿಂತ ಬಹಳ ಮೇಲೆ ತೋರಿಸಿತು, ಎದೆಮಟ್ಟದಲ್ಲಿ ಅದೇ ಕಂಬ ಚೆನ್ನಾಗಿ ಒಣಗಿತ್ತು.

ಮಾವನವರ ಮಕ್ಕಳು ಕಂಬಗಳನ್ನೆಲ್ಲ ತೆಗೆದು ಕಾಂಕ್ರೀಟಿನವನ್ನು ನಿಲ್ಲಿಸಿದರೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ ಎಂದಿದ್ದರು. ಮರಗೆಲಸದ ಆಚಾರ್ಯರು ಕಂಬವನ್ನು ಉಳಿಯ ಹಿಡಿಯಿಂದ ಮೇಲಿಂದ ಕೆಳಗೆ ತಟ್ಟುತ್ತ ಬಂದು, ಸದ್ದು ಬದಲಾದ ಕಡೆ ಗೆರೆ ಎಳೆದರು. “ತಿರುಳು ಗಟ್ಟಿಯಾಗಿದೆ ಸ್ವಾಮಿ, ಕೊಳೆತಷ್ಟನ್ನೇ ಕೊಯ್ಯೋಣ” ಎಂಬುದು ಅವರ ತೀರ್ಮಾನ. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ.

ಮೇ

ತೊಲೆಯ ಕೆಳಗೆ ಕಂಬದ ಎರಡೂ ಬದಿಗೆ ಸರ್ವೆ ಮರದ ಆಸರೆ ಕೊಟ್ಟು, ಸ್ಕ್ರೂ ಜಾಕ್‌ನಿಂದ ಭಾರವನ್ನು ಆಸರೆಗೆ ವರ್ಗಾಯಿಸಿದೆವು. ತೊಲೆಯನ್ನು ಒಂದು ನೂಲಿಗಿಂತ, ಅಂದರೆ ಇಂಚಿನ ಎಂಟನೇ ಒಂದು ಭಾಗಕ್ಕಿಂತ, ಹೆಚ್ಚು ಎತ್ತಬಾರದೆಂದು ಆಚಾರ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಇಷ್ಟು ವರ್ಷಗಳಲ್ಲಿ ತೊಲೆ, ಜಂತೆ, ಗೋಡೆ ಮೂರೂ ಒಂದಕ್ಕೊಂದು ಹೊಂದಿಕೊಂಡು ಕೂತಿರುವುದರಿಂದ ಒಂದನ್ನು ಹೆಚ್ಚು ಅಲುಗಿಸಿದರೆ ಬಿರುಕು ಬೇರೆಲ್ಲೋ ಕಾಣಿಸಿಕೊಳ್ಳುತ್ತದೆ. ಕೊಳೆತ ಬುಡವನ್ನು ಕೊಯ್ದು, ಉಳಿದ ಕಂಬವನ್ನೂ ಹೊಸ ತುಂಡನ್ನೂ ಅರ್ಧರ್ಧ ಉದ್ದುದ್ದ ಕಡಿದು ಒಂದರ ಮೇಲೊಂದು ಕೂಡಿಸಿ, ಅಡ್ಡಲಾಗಿ ಮರದ ಗೂಟ ಬಡಿದದ್ದಾಯಿತು. ಮೊಳೆ ಬಳಸಲಿಲ್ಲ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಮರವನ್ನು ಸೀಳುತ್ತದೆ.

ಹೊಸ ತುಂಡೆಂದರೂ ಅದು ಹಳೆಯ ತೇಗವೇ, ಕೆಡವಿದ ಮನೆಯೊಂದರಿಂದ ಹಳೆ ಮರದ ಅಂಗಡಿಗೆ ಬಂದದ್ದು. ಒಂದು ಮನೆಯನ್ನು ಉಳಿಸಲು ಅಳಿದ ಮತ್ತೊಂದು ಮನೆಯ ಮರ ಬೇಕಾಗುತ್ತಿದೆ ಎಂಬುದು ನನಗೆ ನೋವಿನ ವಿಷಯ. ಜೋಡಿಸಿದ ತುಂಡಿನ ಒಳಬದಿಗೆ ಇಸವಿಯನ್ನು ಕೆತ್ತಿಸಿದ್ದೇನೆ. ಬದಲಿಸಿದ ಭಾಗ ಒಟ್ಟಂದಕ್ಕೆ ಹೊಂದಬೇಕು, ಆದರೂ ಮೂಲದಿಂದ ಬೇರೆಯೆಂದು ಗುರುತಿಸಲು ಬರಬೇಕು ಎಂದು ಸ್ಮಾರಕಗಳ ಸಂರಕ್ಷಣೆಗಾಗಿ ಮಾಡಿದ 1964ರ ಅಂತಾರಾಷ್ಟ್ರೀಯ ವೆನಿಸ್ ಸನ್ನದು ಹೇಳುತ್ತದೆ. ಮುಂದೆ ಈ ಮನೆಯನ್ನು ಅಭ್ಯಾಸ ಮಾಡುವವರಿಗೆ ಇದು ಅಗತ್ಯ.

ಜುಲೈ

ಮಂಗಳೂರು ಹೆಂಚುಗಳನ್ನು ಇಳಿಸಿ, ತೊಳೆದು, ಒಡೆದವನ್ನು ಬೇರ್ಪಡಿಸಿ ಮತ್ತೆ ಹೊದಿಸಿದ್ದಾಯಿತು. ಎರಡು ಇಳಿಜಾರು ಕೂಡುವ ಮೂಲೆಗಳ ತಗಡಿನ ದೋಣಿಗಳನ್ನು ಬದಲಿಸಿದೆವು. ಸೋರುವುದು ಹೆಚ್ಚಾಗಿ ಅಲ್ಲೇ.

ಆಗಸ್ಟ್

ಜಂತೆಗಳ ಮೇಲೆ ಹಾದಿದ್ದ ಹಳೆಯ ವಿದ್ಯುತ್ ತಂತಿಗಳನ್ನು ಪೂರ್ತಿ ತೆಗೆಸಿ, ಹೊಸ ತಂತಿಗಳನ್ನು ಕೊಳವೆಯೊಳಗೆ ಎಳೆಸಿದ್ದೇವೆ. 1897ರಲ್ಲಿ ಮೈಸೂರಿನ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದ, 1912ರಲ್ಲಿ ಮುಗಿದ ಹೊಸ ಅರಮನೆಯ ಕಲ್ಯಾಣ ಮಂಟಪಕ್ಕೆ ಗ್ಲಾಸ್ಗೋದಿಂದ ಎರಕದ ಕಬ್ಬಿಣದ ಕಂಬಗಳು ಬಂದವು. ಮರದ ಮನೆಯಲ್ಲಿ ಬೆಂಕಿಯ ಭಯ ನಿಜವಾದದ್ದೇ. ಆದರೆ ದಪ್ಪ ತೊಲೆಯ ಹೊರಮೈ ಸುಟ್ಟು ಇದ್ದಿಲಾದಾಗ ಆ ಪದರವೇ ಒಳತಿರುಳಿಗೆ ಬಿಸಿ ತಾಕುವುದನ್ನು ನಿಧಾನಗೊಳಿಸುತ್ತದೆ; ಬೇಗ ಹತ್ತಿಕೊಳ್ಳುವುದು ಹೆಂಚು ಕೂರುವ ತೆಳು ಮರದ ರೀಪು ಮತ್ತು ಅಟ್ಟದಲ್ಲಿ ತುಂಬಿಟ್ಟ ಕಾಗದ, ಬಟ್ಟೆ. ಅಟ್ಟವನ್ನು ಖಾಲಿ ಮಾಡಿಸಿದ್ದು ಅದಕ್ಕಾಗಿ.

ಸೆಪ್ಟೆಂಬರ್

ಈ ಮನೆಯ ರಕ್ಷಣೆಗೆ ಕಾನೂನಿನ ಆಸರೆ ಇದೆಯೇ ಎಂದು ನೆರೆಯವರು ಕೇಳುತ್ತಾರೆ. 1961ರ ಕರ್ನಾಟಕದ ಪ್ರಾಚೀನ ಸ್ಮಾರಕಗಳ ಕಾಯ್ದೆ ಕಾಯುವುದು ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳನ್ನು. ಜನ ವಾಸವಾಗಿರುವ ಇಂತಹ ಮನೆ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಮನೆಯವರ ನಿರ್ಧಾರಕ್ಕೆ ಬಿಟ್ಟದ್ದು. 2012ರಲ್ಲಿ ಮೈಸೂರಿನ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಹಳೆಯದೆಲ್ಲ ಅಪಾಯವೆಂಬ ಮಾತು ಊರಿನಲ್ಲಿ ಬಲವಾಗಿರುವಾಗ, ಮನೆಯವರಿಗೆ ಧೈರ್ಯ ಕೊಡಬಲ್ಲದ್ದು ದಾಖಲೆ ಎಂದು ನಾನು ನಂಬಿದ್ದೇನೆ: ಯಾವ ಮರ ಎಷ್ಟು ಗಟ್ಟಿಯಾಗಿದೆ, ಯಾವುದಕ್ಕೆ ಎಷ್ಟು ಭಾರ, ಯಾವುದು ಎಂದು ದುರಸ್ತಿಯಾಯಿತು ಎಂಬ ಬರಹ. ನಕ್ಷೆಗಳ ಒಂದೊಂದು ಪ್ರತಿಯನ್ನು ಮಾವನವರ ಮಕ್ಕಳಿಗೆಲ್ಲ ಕೊಟ್ಟಿದ್ದೇನೆ. ಕಾಂಕ್ರೀಟಿನ ಮಾತು ಸದ್ಯಕ್ಕೆ ನಿಂತಿದೆ.

ಈಶಾನ್ಯ ಮೂಲೆಯ ಕಂಬವೊಂದು ಬಾಕಿ. ಅದರ ಸುತ್ತಲಿನ ಸಿಮೆಂಟನ್ನು ಒಡೆಸಿ ಪೀಠವನ್ನು ಬಿಡಿಸಿಟ್ಟಿದ್ದೇವೆ. ಮೈಸೂರಿಗೆ ಅಕ್ಟೋಬರಿನ ಮಳೆಯೂ ಜೋರು. ಅದು ಕಳೆದು, ಮೀಟರು ಶೇ. 20ಕ್ಕಿಂತ ಕೆಳಗಿಳಿದ ಮೇಲೆ ಆಚಾರ್ಯರು ಆ ಕಂಬಕ್ಕೆ ಗೆರೆ ಎಳೆಯುತ್ತಾರೆ. ಅಲ್ಲಿಯವರೆಗೆ ಪಡಸಾಲೆಯ ಗೋಡೆಗೆ ಸುಣ್ಣ, ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆ ಕೆಲಸ ನಡೆಯುತ್ತದೆ.