ಅಲ್ಲಿವರೆಗೆ ಅದು ಬರ್ಲೇ ಇಲ್ಲ

ಈ ವಾರ ಪೂರ್ತಿ ಅಕ್ಕನ ಮಗಳು ಹೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. "ಕಾಣ್ಸುತ್ತೆ ಅಜ್ಜಿ, ಆದ್ರೆ ಅಲ್ಲಿವರೆಗೆ ಅದು ಬರ್ಲೇ ಇಲ್ಲ."

ಹುಡುಗಿ ಒಂಬತ್ತನೇ ಕ್ಲಾಸು. ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದಾಳೆ. ಪಾಠ ಇಫ್ (ಹೀಗಿದ್ದರೆ), ಎಲಿಫ್ (ಅದಲ್ಲ, ಹೀಗಿದ್ದರೆ), ಎಲ್ಸ್‌ಗೆ (ಯಾವುದೂ ಅಲ್ಲದಿದ್ದರೆ) ಬಂದಿದೆ. ನೋಟ್ಸ್ ತುಂಬಾ ಅಚ್ಚುಕಟ್ಟಾಗಿದೆ, ಟ್ಯೂಷನ್ ಮೇಷ್ಟ್ರು ಶ್ರದ್ಧೆಯಿಂದ ಬರೆಸಿದ್ದಾರೆ. ಆದರೆ ಉದಾಹರಣೆಗಳೆಲ್ಲ ಸಮಸಂಖ್ಯೆಯೋ ಬೆಸಸಂಖ್ಯೆಯೋ, ಮೂರರಲ್ಲಿ ದೊಡ್ಡದು ಯಾವುದು, ಇಂಥವೇ. ಅದರಲ್ಲಿ ಮಕ್ಕಳಿಗೆ ಜಗಳ ಆಡುವಂಥದ್ದು ಏನೂ ಇಲ್ಲ. ಅದಕ್ಕೇ ನಾನು, ಸಾರಿಗೆ ಬಸ್ಸಿನ ಟಿಕೆಟ್ ಲೆಕ್ಕ ಬರಿ ನೋಡೋಣ ಅಂದೆ.

ನಿಯಮ ಅವಳಿಗೇ ಗೊತ್ತಿತ್ತು. ಆರು ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ. 12ರವರೆಗೆ ಅರ್ಧ. 60 ತುಂಬಿದವರಿಗೆ ಶೇ 25 ರಿಯಾಯಿತಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಸೊನ್ನೆ ರೂಪಾಯಿ ಟಿಕೆಟ್. ಇದೇ ಕ್ರಮದಲ್ಲಿ ಬರೆದಳು. ಮೊದಲು ವಯಸ್ಸು, ಕೊನೆಗೆ ಹೆಣ್ಣೋ ಅಲ್ಲವೋ, ಅದೂ ಅಲ್ಲದಿದ್ದರೆ ಎಲ್ಸ್, ಪೂರ್ತಿ ಚಾರ್ಜು. ಪೂರ್ತಿ ಚಾರ್ಜು ನೂರು ರೂಪಾಯಿ ಅಂತ ಇಟ್ಟುಕೊಂಡಳು.

ಒಂದು ಕಡೆ ಷರತ್ತಿನ ಕೊನೆಯ ಕೋಲನ್ (:) ಚಿಹ್ನೆ ಬಿಟ್ಟಿದ್ದಳು. ತಕ್ಷಣ ಕೆಂಪು ಅಕ್ಷರದಲ್ಲಿ ಎರರ್ ಬಂತು. ಟೈಪ್ ಮಾಡಿದ ವಯಸ್ಸನ್ನು ಪೈಥಾನ್ ಬರೀ ಅಕ್ಷರ ಅಂತಲೇ ತಗೊಳ್ಳುತ್ತೆ, ಅದನ್ನು ಸಂಖ್ಯೆ ಮಾಡದೆ 6ರ ಜೊತೆ ಹೋಲಿಸಿದಾಗ ಇನ್ನೊಂದು ಎರರ್. ಎರಡನ್ನೂ ತಾನೇ ಸರಿ ಮಾಡಿಕೊಂಡಳು. ತನ್ನ ವಯಸ್ಸು 14 ಹಾಕಿದಳು, ಸೊನ್ನೆ ಬಂತು. ತಾತನಿಗೆ 75 ರೂಪಾಯಿ ಬಂತು. ಖುಷಿಯಾಗಿ ಅಜ್ಜಿಯ ವಯಸ್ಸು 67 ಹಾಕಿದಳು. ಅದಕ್ಕೂ 75 ರೂಪಾಯಿಯೇ ಬಂತು.

ನಮ್ಮಮ್ಮ, ಅಂದರೆ ಆ ಅಜ್ಜಿ, ಅಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ನಾನು ಆಧಾರ್ ತೋರ್ಸಿದ್ರೆ ಕಂಡಕ್ಟರ್ ಮಾತಾಡದೆ ಟಿಕೆಟ್ ಕೊಡ್ತಾನೆ. ನಿನ್ನ ಕಂಪ್ಯೂಟರಿಗೆ ನಾನು ಹೆಂಗಸು ಅಂತ ಕಾಣ್ಸಲ್ವೇನೆ?" ಅಂದರು.

ಹುಡುಗಿ ಸ್ಕ್ರೀನ್ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿದು ಬಂದಳು. ಆರರೊಳಗಾ? ಅಲ್ಲ. ಹನ್ನೆರಡರೊಳಗಾ? ಅಲ್ಲ. ಅರವತ್ತು ತುಂಬಿದೆಯಾ? ಹೌದು. ಬೆರಳು ಅಲ್ಲೇ ನಿಂತಿತು. ಆಗ ಹೇಳಿದ್ದು ಆ ಮಾತು. ಒಂದು ಷರತ್ತು ಹೌದು ಅಂದ ಮೇಲೆ ಉಳಿದ ಎಲಿಫ್‌ಗಳ ಕಡೆ ಪೈಥಾನ್ ತಿರುಗಿಯೂ ನೋಡಲ್ಲ. ಹೆಣ್ಣೋ ಅಲ್ಲವೋ ಎಂಬ ಪ್ರಶ್ನೆ ಎರಡೇ ಸಾಲು ಕೆಳಗಿತ್ತು.

ನನ್ನನ್ನು ಕಾಡಿದ್ದು ಇದು. ಕೋಲನ್ ಬಿಟ್ಟರೆ ಕಂಪ್ಯೂಟರ್ ಕೂಗಿ ಹೇಳುತ್ತೆ. ಅಜ್ಜಿಯ ಹತ್ತಿರ 75 ರೂಪಾಯಿ ತಗೊಂಡರೆ ಸುಮ್ನೆ ಇರುತ್ತೆ. ಎಲ್ಲ ಸಾಲೂ ಸರಿ, ಎಲ್ಲ ನಿಯಮವೂ ನಿಜ, ಉತ್ತರ ಮಾತ್ರ ಅನ್ಯಾಯ. ಅದನ್ನು ಹಿಡಿಯೋಕೆ ಅಮ್ಮನಂಥವರು ಪಕ್ಕದಲ್ಲಿ ಕೂತಿರಬೇಕು.

ಇಂಥದ್ದೇ ಒಂದನ್ನು ಹಿಂದೆ ನೋಡಿದ್ದೆ. ನಮ್ಮ ಬೀದಿಯ ಹಿರಿಯ ಹೆಂಗಸೊಬ್ಬರ ಜೊತೆ ಪಿಂಚಣಿ ಅರ್ಜಿ ಕೊಡೋಕೆ ಹೋಗಿದ್ದೆ. "ದುಡಿಯೋ ಮಗ ಇದ್ದಾನಾ?" ಅಂತ ಕೇಳಿದರು. ಇವರು ಹೌದು ಅಂದಿದ್ದೇ ತಡ, ಕೌಂಟರಿನವರು ಪೆನ್ನು ಕೆಳಗಿಟ್ಟರು. ಮಗ ಮನೆ ಬಿಟ್ಟು ಹೋಗಿ ಎಷ್ಟು ಕಾಲವಾಯಿತು, ಒಂದು ರೂಪಾಯಿಯಾದರೂ ಕಳಿಸಿದ್ದಾನಾ, ಯಾರೂ ಕೇಳಲಿಲ್ಲ. ಆ ಮನುಷ್ಯ ಕೆಟ್ಟವರು ಅಂತ ನನಗೆ ಆವತ್ತೂ ಅನಿಸಲಿಲ್ಲ, ಈಗಲೂ ಅನಿಸಲ್ಲ. ಪ್ರಶ್ನೆಗಳನ್ನು ಆ ಸಾಲಿನಲ್ಲಿ ಜೋಡಿಸಿದವರು ಎಲ್ಲೋ ಇದ್ದಾರೆ. ಕೆಳಗಿನ ಪ್ರಶ್ನೆವರೆಗೆ ಯಾರು ಬರ್ತಾರೆ, ಯಾರು ಮೇಲೆಯೇ ಸಿಕ್ಕಿಕೊಳ್ತಾರೆ ಅಂತ ಅವರು ಒಮ್ಮೆ ಬೆರಳಿಟ್ಟು ಇಳಿದು ನೋಡಬೇಕಿತ್ತು.

ಹೆಣ್ಣಿನ ಸಾಲನ್ನು ಎಲ್ಲಕ್ಕಿಂತ ಮೇಲೆ ತಂದಾಗ ಅಜ್ಜಿಗೆ ಸೊನ್ನೆ ಬಂತು. ಅಮ್ಮ ಸೊಪ್ಪು ಎತ್ತಿಕೊಂಡು ಒಳಗೆ ಹೋದರು. ನಾನು ಇನ್ನೊಂದು ಕೇಳಿದೆ. "ನಿನ್ನ ಎಲ್ಸ್‌ನಲ್ಲಿ ಯಾರ್ಯಾರು ಇದ್ದಾರೆ?" "ಉಳಿದ ಗಂಡಸರು" ಅಂದಳು. "ಅವರು ಮಾತ್ರಾನಾ?" ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಶಕ್ತಿ ಯೋಜನೆ ಲೈಂಗಿಕ ಅಲ್ಪಸಂಖ್ಯಾತರಿಗೂ ಇದೆ. ಅವಳ ಪ್ರೋಗ್ರಾಮ್ ಅವರ ಕೈಯಿಂದ ನೂರು ರೂಪಾಯಿ ಕೀಳುತ್ತಿತ್ತು. ಹೆಸರಿಟ್ಟು ಬರೆಯದವರೆಲ್ಲ ಎಲ್ಸ್‌ಗೆ ಬೀಳುತ್ತಾರೆ. ಅವಳು ಯಾರನ್ನೂ ಬೇಕಂತ ಬಿಟ್ಟಿರಲಿಲ್ಲ, ನೆನಪಾಗಿರಲಿಲ್ಲ ಅಷ್ಟೇ. ಹೆಣ್ಣಿನ ಸಾಲಿಗೆ ಒಂದು 'ಆರ್' (ಅಥವಾ) ಹಾಕಿ ಅವರನ್ನೂ ಸೇರಿಸಿದಳು, ಸರಿಹೋಯಿತು.

ಈ ಹುಡುಗಿಯ ಬಗ್ಗೆ ಅಕ್ಕನಿಗೆ ದೂರು ಜಾಸ್ತಿ. ಓದೋಕೆ ನಿಧಾನ, ಎಲ್ಲದಕ್ಕೂ ಪ್ರಶ್ನೆ, ಅಂತ. ಆ ನಿಧಾನವೇ ಅವಳ ಶಕ್ತಿ ಅಂತ ನನಗೆ ಅನಿಸುತ್ತೆ. ಬೇಗ ಮುಗಿಸುವ ಮಕ್ಕಳು ತಮ್ಮ ವಯಸ್ಸು ಹಾಕಿ, ಸರಿ ಬಂತು ಅಂತ ಎದ್ದು ಹೋಗ್ತಾರೆ. ಇವಳು ಈಗ 5, 6, 12, 13, 59, 60 ಎಲ್ಲ ಹಾಕಿ ನೋಡ್ತಾಳೆ, ಅದೂ ಗಂಡು, ಹೆಣ್ಣು, ಇತರೆ ಅಂತ ಬೇರೆಬೇರೆಯಾಗಿ.

ನಿನ್ನೆ ರಾತ್ರಿ ಫೋನ್ ಮಾಡಿದ್ದಳು. "ಚಿಕ್ಕಮ್ಮ, ಅಜ್ಜಿ ರಾಜಹಂಸ ಹತ್ತಿದ್ರೆ? ಅದಕ್ಕೆ ಶಕ್ತಿ ಇಲ್ವಲ್ಲ. ಮೊದ್ಲು ಬಸ್ ಯಾವುದು ಅಂತ ಕೇಳ್ಬೇಕಾ, ಆಳು ಯಾರು ಅಂತ ಕೇಳ್ಬೇಕಾ?" ಎರಡು ಥರಾನೂ ಬರೆದುಕೊಂಡು ಭಾನುವಾರ ಬಾ ಅಂದಿದ್ದೇನೆ.