ರಾಯಗಡದ ಮೂರು ಬೆಟ್ಟಗಳು

ಒಡಿಶಾ ಅಂದರೆ ನಮ್ಮವರಿಗೆ ಪುರಿ, ಕೋನಾರ್ಕ್, ಚಿಲ್ಕಾ. ನಾನು ಹೊರಟಿದ್ದು ದಕ್ಷಿಣ ಭಾಗದ ರಾಯಗಡ ಜಿಲ್ಲೆಗೆ. ಕೇಳಿದವರಲ್ಲಿ ಅರ್ಧ ಜನ ಶಿವಾಜಿಯ ಕೋಟೆ ಅಂದುಕೊಂಡರು, ಉಳಿದವರು ಛತ್ತೀಸಗಡ ಅಂದುಕೊಂಡರು. ತಿದ್ದುತ್ತಾ ಕೂರುವುದನ್ನು ಬಿಟ್ಟುಬಿಟ್ಟೆ.

ಹೋಗಲು ಕಾರಣ ಇತ್ತು. ಗಣಿ ಶುರುವಾಗುವ ಮೊದಲು ಊರಿನವರನ್ನು ಕೇಳುತ್ತಾರೆ ಅಂತ ಕಾಗದದಲ್ಲಿ ಓದಿದ್ದೆ. ಆ ಕೇಳುವಿಕೆ ನೆಲದ ಮೇಲೆ ಹೇಗಿರುತ್ತದೆ ಅಂತ ನೋಡಬೇಕಿತ್ತು. ಬಳ್ಳಾರಿಯಲ್ಲಿ ನಾವು ಕಂಡದ್ದು ಗಣಿ ಬಂದ ಮೇಲಿನ ಕಥೆ: ಲಾರಿ, ಕೆಂಧೂಳು, ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿ ಅಂದದ್ದು. ಬರುವ ಮೊದಲಿನ ಕಥೆ ಬೇಕಿದ್ದರೆ ರಾಯಗಡಕ್ಕೇ ಹೋಗಬೇಕು. ಅಲ್ಲಿ ಮೂರು ಬೆಟ್ಟಗಳಿವೆ. ಬಾಫ್ಲಿಮಾಲಿ, ನಿಯಮಗಿರಿ, ಸಿಜಿಮಾಲಿ. ಮೂರರ ನೆತ್ತಿಯಲ್ಲೂ ಬಾಕ್ಸೈಟ್ ಇದೆ, ಅಂದರೆ ಅಲ್ಯುಮಿನಿಯಂನ ಅದಿರು. ಜನರನ್ನು ಕೇಳಿದ ರೀತಿ ಮಾತ್ರ ಒಂದೊಂದು ಕಡೆ ಒಂದೊಂದು ತರಹ.

ವಿಜಯನಗರಂನಲ್ಲಿ ರೈಲು ಬದಲಾಯಿಸಿದರೆ ಹಳಿ ಸಮುದ್ರದ ಕಡೆ ಬೆನ್ನು ಹಾಕಿ ಒಳನಾಡಿಗೆ ತಿರುಗುತ್ತದೆ. ಸ್ವಲ್ಪ ಹೊತ್ತು ಭತ್ತದ ಗದ್ದೆ, ತಾಳೆಮರ. ಆಮೇಲೆ ಬೆಟ್ಟಗಳು ಹತ್ತಿರ ಬರುತ್ತಾ ಬರುತ್ತಾ ಕಿಟಕಿಗೇ ಅಂಟಿಕೊಳ್ಳುತ್ತವೆ. ರಾಯಗಡ ಪೇಟೆಯಲ್ಲಿ ತೆಲುಗು ಚೆನ್ನಾಗಿ ನಡೆಯುತ್ತದೆ. ನನ್ನ ಜೊತೆಗಿದ್ದ ವಿಶಾಖಪಟ್ಟಣದ ಗೆಳೆಯನಿಗೆ ಊರಿಗೆ ಬಂದಷ್ಟೇ ಖುಷಿ. ನಾವು ಉಳಿದದ್ದು ಇನ್ನೂ ಮುಂದೆ, ಮುನಿಗುಡದಲ್ಲಿ. ಲಾಡ್ಜ್ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಫ್ಯಾನ್ ತಿರುಗುತ್ತಿತ್ತು, ಸಾಕು.

ಬುಧವಾರ ಚಾಟಿಕೋನದಲ್ಲಿ ಸಂತೆ. ನಿಯಮಗಿರಿಯ ಡೋಂಗ್ರಿಯಾ ಕೊಂಧರು ಅವತ್ತು ಬೆಟ್ಟ ಇಳಿದು ಬರುತ್ತಾರೆ. ಇವರ ಜನಸಂಖ್ಯೆ ಎಂಟು ಸಾವಿರದ ಆಸುಪಾಸು. ಮಾತಾಡುವುದು ಕುವಿ, ನಮ್ಮದೇ ದ್ರಾವಿಡ ಬಳಗದ ಭಾಷೆ. ಹೆಂಗಸರ ಮೂಗಿನಲ್ಲಿ ಸಾಲು ನತ್ತು, ಕೂದಲಲ್ಲಿ ಒತ್ತೊತ್ತಾಗಿ ಪಿನ್ನು, ಅದರ ನಡುವೆ ಒಂದು ಪುಟ್ಟ ಚಾಕು. ಕಸೂತಿ ಹಾಕಿದ ಬಿಳಿ ಶಾಲು ಹೊದ್ದ ಗಂಡಸರಿಗೂ ಉದ್ದ ಕೂದಲು. ಫೋಟೋ ತೆಗೆಯಬಾರದು ಅಂತ ಮೊದಲೇ ಹೇಳಿದ್ದರು. ಕ್ಯಾಮೆರಾ ಚೀಲದಲ್ಲೇ ಇತ್ತು. ಹಾಗಿದ್ದದ್ದೇ ಒಳ್ಳೆಯದಾಯಿತು, ಸುಮ್ನೆ ನಿಂತು ನೋಡಲು ಆಯಿತು.

ನಿಜವಾದ ವ್ಯಾಪಾರ ಸಂತೆಯ ಒಳಗಲ್ಲ, ಹೊರಗಿನ ದಾರಿಯಲ್ಲಿ. ಬೆಟ್ಟದ ಕಾಲುದಾರಿ ಟಾರು ರಸ್ತೆಗೆ ಸೇರುವ ಕಡೆ ಪೇಟೆಯ ದಲ್ಲಾಳಿಗಳು ಬೆಳಿಗ್ಗೆಯೇ ಬಂದು ನಿಂತಿದ್ದರು. ಒಬ್ಬಳು ಹೆಂಗಸು ತಲೆಯ ಮೇಲೆ ಬಾಳೆಗೊನೆ ಹೊತ್ತು ಬಂದಳು. ಅವಳು ನಿಲ್ಲುವ ಮೊದಲೇ ಒಬ್ಬ ಗೊನೆಗೆ ಕೈ ಹಾಕಿ ಇಳಿಸಿ, ನೋಟು ಚಾಚಿದ. ಅವಳು ನೋಟು ನೋಡಿದಳು, ಅವನ ಮುಖ ನೋಡಿದಳು, ಗೊನೆ ಎಳೆದುಕೊಂಡಳು. ಅವನು ಇನ್ನೊಂದು ನೋಟು ಸೇರಿಸಿದ. ಅವಳು ಗೊನೆ ಮತ್ತೆ ತಲೆಗೇರಿಸಿ ನಡೆದೇಬಿಟ್ಟಳು. ದಲ್ಲಾಳಿ ಬೈದುಕೊಂಡ. ಎಲ್ಲರಿಗೂ ಹೀಗೆ ನಡೆದುಬಿಡಲು ಆಗುವುದಿಲ್ಲ. ಅರಿಶಿನ ತಂದಿದ್ದ ಇನ್ನೊಬ್ಬಳು ಕೊಟ್ಟಷ್ಟು ತಗೊಂಡು ಹೋದಳು.

ಮಾರನೇ ದಿನ ಖಂಬೇಸಿಗೆ ಹೋದೆವು. ಜೊತೆಗೆ ಬಂದವರು ಆ ಕಡೆಯ ಹಳ್ಳಿಗಳಲ್ಲಿ ಪಾಠ ಮಾಡಿದ್ದ ಒಬ್ಬ ಮೇಷ್ಟ್ರು, ಕುವಿ ಬಲ್ಲವರು. ದಾರಿಯುದ್ದಕ್ಕೂ ಹಲಸಿನ ಮರ, ಅದರ ನೆರಳಲ್ಲಿ ಅನಾನಸ್, ಪಕ್ಕದಲ್ಲೇ ಅರಿಶಿನ. ಹೆಜ್ಜೆಗೊಂದು ತೊರೆ ಅನ್ನುವ ಹಾಗೆ ನೀರು. ಈ ನೀರಿನ ಗುಟ್ಟು ಬೆಟ್ಟದ ನೆತ್ತಿಯಲ್ಲಿದೆ. ಬಾಕ್ಸೈಟ್ ಇರುವ ಬೆಟ್ಟಗಳ ತಲೆ ಚಪ್ಪಟೆ. ಮೇಲಿನ ಪದರ ಸಣ್ಣ ಸಣ್ಣ ತೂತುಗಳ ಕಲ್ಲು, ಸ್ಪಂಜಿನ ಹಾಗೆ. ಮಳೆಗಾಲದ ನೀರನ್ನು ಹೀರಿಕೊಂಡು ವರ್ಷವಿಡೀ ಅಂಚಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಆ ಪದರ ತೆಗೆದರೆ ತೊರೆ ಬತ್ತುತ್ತದೆ ಅನ್ನುವುದು ಊರಿನವರ ವಾದ. ತೆಗೆದರೆ ನೀರು ಇನ್ನೂ ಜಾಸ್ತಿ ಇಂಗುತ್ತದೆ ಅನ್ನುವುದು ಗಣಿ ಕಡೆಯವರ ವಾದ. ತೊರೆ ಬತ್ತಿದರೆ ನಡೆದುಕೊಂಡು ದೂರ ಹೋಗಬೇಕಾದವರು ಯಾರು ಅಂತ ನೋಡಿದರೆ ನನಗೆ ಯಾರ ಮಾತು ಮೊದಲು ಕೇಳಬೇಕು ಅನ್ನುವುದು ಕಷ್ಟದ ಪ್ರಶ್ನೆಯಲ್ಲ.

ಖಂಬೇಸಿಯಲ್ಲಿ ಮನೆಗಳು ಎರಡು ಸಾಲು, ಎದುರುಬದುರು. ಸೂರು ಎಷ್ಟು ಕೆಳಗೆ ಅಂದರೆ ಬಗ್ಗಿಯೇ ಒಳಗೆ ಹೋಗಬೇಕು. ಸಾಲುಗಳ ನಡುವೆ ಭೂಮಿತಾಯಿ ಧರಣಿ ಪೇನುವಿನ ಕಲ್ಲುಗಳು. ಬೆಟ್ಟದ ದೇವರು ನಿಯಮರಾಜ. ಅವನಿಗೆ ಗೋಡೆ, ಗೋಪುರ ಇಲ್ಲ. ಬೆಟ್ಟವೇ ಅವನು.

2013ರಲ್ಲಿ ಗ್ರಾಮಸಭೆ ಸೇರಿದ 12 ಹಳ್ಳಿಗಳಲ್ಲಿ ಇದೂ ಒಂದು. ಬೆಟ್ಟದ ಬುಡದ ಲಾಂಜಿಗಡದಲ್ಲಿ ಬಾಕ್ಸೈಟ್‌ನಿಂದ ಅಲ್ಯುಮಿನಾ ತೆಗೆಯುವ ವೇದಾಂತ ಕಂಪನಿಯ ಕಾರ್ಖಾನೆ ಆಗಲೇ ನಿಂತಿತ್ತು. ಅದಕ್ಕೆ ಅದಿರು ನಿಯಮಗಿರಿಯಿಂದ ಬರಬೇಕಿತ್ತು. 2010ರ ಆಗಸ್ಟ್‌ನಲ್ಲಿ ಪರಿಸರ ಸಚಿವ ಜೈರಾಮ್ ರಮೇಶ್ ಅರಣ್ಯ ಅನುಮತಿ ನಿರಾಕರಿಸಿದರು. ಕೇಸು ಸುಪ್ರೀಂ ಕೋರ್ಟ್‌ಗೆ ಹೋಯಿತು. 2013ರ ಏಪ್ರಿಲ್ 18ರಂದು ಕೋರ್ಟ್ ಹೇಳಿದ್ದು ಇಷ್ಟು: ಇವರ ಅರಣ್ಯ ಹಕ್ಕಿನ ಪ್ರಶ್ನೆ, ಪೂಜೆಯ ಹಕ್ಕಿನ ಪ್ರಶ್ನೆ ಗ್ರಾಮಸಭೆಯ ಮುಂದೆ ಹೋಗಲಿ, ಜಿಲ್ಲಾ ನ್ಯಾಯಾಧೀಶರ ಮಟ್ಟದ ಅಧಿಕಾರಿ ಕೂತು ನೋಡಲಿ.

ಸಭೆಗಳು ನಡೆದದ್ದು ಜುಲೈ 18ರಿಂದ ಆಗಸ್ಟ್ 19ರವರೆಗೆ, ಜಡಿಮಳೆಯ ಕಾಲದಲ್ಲಿ. ಊರಿನ ಒಬ್ಬ ಅಜ್ಜನನ್ನು ಮೇಷ್ಟ್ರ ಮೂಲಕ ಕೇಳಿದೆ, ಅವತ್ತು ಹೇಗಿತ್ತು ಅಂತ.

"ಪೊಲೀಸರು ನಮಗಿಂತ ಜಾಸ್ತಿ ಇದ್ದರು" ಅಂದ ಅಜ್ಜ. "ಜಡ್ಜ್ ಬಂದಿದ್ದರು. ಒಬ್ಬೊಬ್ಬರದ್ದೂ ಬರೆದುಕೊಂಡರು."

"ಕೈ ಎತ್ತಿಸಿ ಎಣಿಸಲಿಲ್ವಾ?"

ಮೇಷ್ಟ್ರು ಕೇಳಿದರು. ಅಜ್ಜ ನಕ್ಕು ಏನೋ ಉದ್ದಕ್ಕೆ ಹೇಳಿದ. ಮೇಷ್ಟ್ರು ಚಿಕ್ಕದಾಗಿ ದಾಟಿಸಿದರು: "ಎಲ್ಲರೂ ಮಾತಾಡಬೇಕು ಅಂದರು ಸರ್. ಸಂಜೆವರೆಗೂ ಮಾತಾಡಿದರಂತೆ."

ಹನ್ನೆರಡಕ್ಕೆ ಹನ್ನೆರಡೂ ಹಳ್ಳಿ ಬೇಡ ಅಂದವು. ಅದರಲ್ಲಿ ಕಲಹಂಡಿ ಜಿಲ್ಲೆಯ ಇಜುರುಪಾ ಒಂದೇ ಕುಟುಂಬದ ಊರು, ಮತದಾರರು ಬೆರಳೆಣಿಕೆ. ಅದೂ ಬೇಡ ಅಂದಿತು. ಹಾಗಂತ ಈ ಕಥೆಯಲ್ಲಿ ಹುಳುಕೇ ಇಲ್ಲ ಅನ್ನಬೇಡಿ. ಬೆಟ್ಟವನ್ನು ನಂಬಿದ ಹಳ್ಳಿಗಳು ನೂರಕ್ಕೂ ಜಾಸ್ತಿ, 12 ಅಂತ ಆರಿಸಿದ್ದು ರಾಜ್ಯ ಸರ್ಕಾರ ಅಂತ ಆಗಲೇ ಜಗಳ ಎದ್ದಿತ್ತು. ಆದರೂ 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. 2016ರಲ್ಲಿ ರಾಜ್ಯ ಮತ್ತೆ ಕೋರ್ಟ್ ಬಾಗಿಲು ತಟ್ಟಿತು, ಬಾಗಿಲು ತೆರೆಯಲಿಲ್ಲ.

ಬೆಟ್ಟದ ಆ ಬದಿಗೆ ಲಾಂಜಿಗಡ. ರಸ್ತೆಯಿಂದಲೇ ಚಿಮಣಿ ಕಾಣುತ್ತದೆ. ಕಾರ್ಖಾನೆ ಈಗಲೂ ನಡೆಯುತ್ತಿದೆ, ಅದಿರು ಮಾತ್ರ ಬೇರೆ ಕಡೆಗಳಿಂದ ಬರುತ್ತದೆ. 2012ರ ಕೊನೆಯಲ್ಲಿ ಬಾಕ್ಸೈಟ್ ಸಿಗದೆ ಕೆಲವು ತಿಂಗಳು ಮುಚ್ಚಿತ್ತು. ಬೆಟ್ಟದ ಮೇಲಿನವರನ್ನು ಕೇಳುವ ಮೊದಲೇ ಬುಡದಲ್ಲಿ ಕಾರ್ಖಾನೆ ಕಟ್ಟಿಬಿಟ್ಟದ್ದು, ಅಷ್ಟು ದುಡ್ಡು ಹಾಕಿದ್ದೇವೆ ಈಗ ಹೇಗೆ ಬೇಡ ಅಂತೀರಿ ಅನ್ನುವ ಒತ್ತಡ ತಂದದ್ದು, ನನಗೆ ಈ ಇಡೀ ಪ್ರಕರಣದಲ್ಲಿ ದೊಡ್ಡ ತಪ್ಪಾಗಿ ಕಾಣುವುದು ಇದೇ. ಗೇಟಿನ ಹತ್ತಿರ ಟೈರ್ ಪಂಕ್ಚರ್ ಅಂಗಡಿಯ ಹುಡುಗನಿಗೆ ಬೇರೆಯೇ ಲೆಕ್ಕ. ಕಾರ್ಖಾನೆ ಇಲ್ಲದಿದ್ದರೆ ಅವನು ಕೇರಳಕ್ಕೋ ಸೂರತ್ತಿಗೋ ಕೂಲಿಗೆ ಹೋಗಬೇಕಿತ್ತಂತೆ. ಅವನ ಅಣ್ಣ ಹೋಗಿದ್ದಾನೆ. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ, ಅಲ್ವಾ?

ಕಾಶೀಪುರದ ಕಡೆಗೆ ಜೀಪಿನಲ್ಲಿ ಹೋದೆವು. ಬಾಫ್ಲಿಮಾಲಿ ಈ ಭಾಗದ್ದು. ಅಲ್ಲಿ ಗಣಿ ಆಗಲೇ ಬಂದಿದೆ. ನೆತ್ತಿಯಿಂದ ಇನ್ನೊಂದು ಅಲ್ಯುಮಿನಾ ಕಾರ್ಖಾನೆಯವರೆಗೆ ಅದಿರು ಉದ್ದನೆಯ ಕನ್ವೇಯರ್ ಬೆಲ್ಟ್ ಮೇಲೆ ಹೋಗುತ್ತದೆ. ಆ ಬೆಟ್ಟದ ಹೋರಾಟ ಶುರುವಾದದ್ದು 1990ರ ದಶಕದಲ್ಲಿ. ಕಾಡಿನ ಹಕ್ಕಿನ ಮಾತು ಗ್ರಾಮಸಭೆಯ ಮುಂದೆ ಬರುವಂತೆ ಮಾಡಿದ ಅರಣ್ಯ ಹಕ್ಕು ಕಾಯ್ದೆ ಆಗ ಇರಲಿಲ್ಲ, ಅದು ಬಂದದ್ದು 2006ರಲ್ಲಿ. 2000ದ ಡಿಸೆಂಬರ್ 16ರಂದು ಮೈಕಂಚ್ ಹಳ್ಳಿಯಲ್ಲಿ ಪೊಲೀಸರು ಗುಂಡು ಹಾರಿಸಿ ಮೂವರು ಆದಿವಾಸಿಗಳು ಸತ್ತರು. ಮೈಕಂಚ್‌ನಲ್ಲಿ ನಾವು ಜಾಸ್ತಿ ಹೊತ್ತು ನಿಲ್ಲಲಿಲ್ಲ. ಹೊರಗಿನವರು ಬಂದು ಅದೇ ಪ್ರಶ್ನೆ ಕೇಳಿ ಕೇಳಿ ಅವರಿಗೂ ಸಾಕಾಗಿದೆ ಅನ್ನಿಸಿತು.

ಮೂರನೆಯದು ಸಿಜಿಮಾಲಿ. ಪ್ರಸ್ತಾಪದಲ್ಲಿರುವ ಗಣಿ ಇದು. 2023ರಲ್ಲಿ ಹರಾಜಿನಲ್ಲಿ ವೇದಾಂತಕ್ಕೆ ಹೋಯಿತು. ಇಲ್ಲಿರುವ ಬಾಕ್ಸೈಟ್ ಸುಮಾರು 31 ಕೋಟಿ ಟನ್, ನಿಯಮಗಿರಿಯ ನಾಲ್ಕು ಪಟ್ಟು. ಅದೇ ವರ್ಷ ಅಕ್ಟೋಬರ್‌ನಲ್ಲಿ ರಾಯಗಡದ ಸುಂಗೇರ್‌ನಲ್ಲಿ ಒಂದು, ಕಲಹಂಡಿಯ ಕೇರ್ಪಾಯಿಯಲ್ಲಿ ಒಂದು ಸಾರ್ವಜನಿಕ ವಿಚಾರಣೆ ನಡೆಯಿತು. ಅದಕ್ಕೂ ಮುಂಚೆ ಆಗಸ್ಟ್‌ನಲ್ಲಿ ವಿರೋಧಿಸಿದವರನ್ನು ಬಂಧಿಸಲಾಗಿತ್ತು.

ಸುಂಗೇರ್‌ನಲ್ಲಿ ಚಹಾ ಕುಡಿಯುತ್ತಾ ಮೇಷ್ಟ್ರು ವಿಚಾರಣೆಗೂ ಗ್ರಾಮಸಭೆಗೂ ಇರುವ ವ್ಯತ್ಯಾಸ ಬಿಡಿಸಿ ಹೇಳಿದರು. ಸಾರ್ವಜನಿಕ ವಿಚಾರಣೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ನಡೆಯುತ್ತದೆ. ಏರ್ಪಾಡು ಮಾಲಿನ್ಯ ನಿಯಂತ್ರಣ ಮಂಡಳಿಯದ್ದು, ಕುರ್ಚಿಯಲ್ಲಿ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ. 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ, ಪಂಚಾಯ್ತಿಯಲ್ಲಿ ವರದಿಯ ಪ್ರತಿ, ಪೂರ್ತಿ ವಿಡಿಯೋ. ಆದರೆ ಇಷ್ಟು ಜನ ಸೇರಲೇಬೇಕು ಅನ್ನುವ ಕೋರಂ ಇಲ್ಲ. ಜನ ಹೇಳಿದ್ದನ್ನು ಬರೆದು ದೆಹಲಿಗೆ ಕಳಿಸುತ್ತಾರೆ. ಎಲ್ಲರೂ ಬೇಡ ಅಂದರೂ ಗಣಿ ಅಷ್ಟಕ್ಕೇ ನಿಲ್ಲುವುದಿಲ್ಲ. ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಹಾಗಲ್ಲ. ಅರ್ಧದಷ್ಟು ಸದಸ್ಯರು ಇರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು, ನಿರ್ಣಯ ಊರಿನದ್ದು. ಸಿಜಿಮಾಲಿಯಲ್ಲಿ ಈಗ ಜಗಳ ಇರುವುದೂ ಇಲ್ಲೇ. ಗ್ರಾಮಸಭೆಗಳು ಒಪ್ಪಿಗೆ ಕೊಟ್ಟಿವೆ ಅನ್ನುವ ಕಾಗದಗಳೇ ನಕಲಿ ಅಂತ ಊರಿನವರು ಆರೋಪಿಸಿದ್ದಾರೆ. ಜೊತೆಗೆ 2022ರಲ್ಲಿ ಅರಣ್ಯ ಸಂರಕ್ಷಣಾ ನಿಯಮ ಬದಲಾಗಿ, ಹಕ್ಕು ಇತ್ಯರ್ಥ ಮಾಡುವ ಕೆಲಸ ಕೇಂದ್ರದ ಒಪ್ಪಿಗೆ ಆದಮೇಲೆ ರಾಜ್ಯ ಮಾಡಿಕೊಳ್ಳಲಿ ಅನ್ನುವ ಹಾಗಾಗಿದೆ. ಮೊದಲು ಕೇಳಬೇಕಾದದ್ದನ್ನು ಕೊನೆಗೆ ಕೇಳುವುದು. ಲಾಂಜಿಗಡದಲ್ಲಿ ಕಂಡ ತಪ್ಪೇ ಈಗ ನಿಯಮವಾಗಿ ಬಂದಿದೆ ಅನ್ನುವುದು ನನ್ನ ಅಭಿಪ್ರಾಯ. ಮೇಷ್ಟ್ರು ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ. ಸರ್ಕಾರಿ ಕೆಲಸದಲ್ಲಿರುವವರು.

ಹೋಗಬೇಕು ಅನ್ನುವವರಿಗೆ ಒಂದೆರಡು ಮಾತು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಮಳೆಗಾಲದಲ್ಲಿ ಬೆಟ್ಟದ ದಾರಿ ಕಷ್ಟ. ಬುಧವಾರ ಸಿಗುವ ಹಾಗೆ ಟಿಕೆಟ್ ಮಾಡಿ. ಬೆಟ್ಟದ ಹಳ್ಳಿಗಳಿಗೆ ಕುವಿ ಬಲ್ಲವರು ಜೊತೆಗಿಲ್ಲದೆ ಹೋಗಬೇಡಿ. ದಾರಿಯಲ್ಲಿ ಸಿಆರ್‌ಪಿಎಫ್‌ನವರು ನಿಲ್ಲಿಸಿ ವಿಚಾರಿಸುತ್ತಾರೆ, ಗುರುತಿನ ಚೀಟಿ ಕೈಗೆ ಸಿಗುವ ಹಾಗಿರಲಿ. ಸಂತೆಯಲ್ಲಿ ಅರಿಶಿನ ಕೊಳ್ಳುವುದಾದರೆ ಕಾಲುದಾರಿ ಸೇರುವ ಕಡೆ ಬೇಡ, ಒಳಗೆ ಹೋಗಿ ಕೂತವರ ಹತ್ತಿರವೇ ಕೊಳ್ಳಿ.